ಅಂಗಡಿಯ ಮಾತು, ಗಿರಾಕಿಯ ತಕ್ಕಡಿ

ಸಾಬೂನು ಕೊಳ್ಳಲು ಹೋದವನು ಸಾಬೂನಿನ ಬೆಲೆ ಕೇಳಬೇಕೇ ಹೊರತು ನ್ಯಾಯ ಕೇಳಬಾರದೆಂದು ನಮ್ಮ ಕಾಲೇಜಿನ ವಾಣಿಜ್ಯಶಾಸ್ತ್ರದ ಅಧ್ಯಾಪಕರೊಬ್ಬರು ಮೊನ್ನೆ ಅಪ್ಪಣೆ ಕೊಡಿಸಿದರು. ಮಾತು ಹುಟ್ಟಿದ್ದು ಅಮೆರಿಕದ ಕಪ್ಪು ಜನರ ವಿಷಯವಾಗಿ. ಅಲ್ಲಿನ ಟಾರ್ಗೆಟ್ ಎಂಬ ದೊಡ್ಡ ಮಳಿಗೆ ಸಂಸ್ಥೆ ತಮಗಿತ್ತ ಮಾತಿನಿಂದ ಹಿಂದೆ ಸರಿಯಿತೆಂದು ಆ ಜನರಲ್ಲಿ ಅನೇಕರು ೨೦೨೫ರಲ್ಲಿ ಅದರ ಬಾಗಿಲು ತುಳಿಯುವುದನ್ನು ಬಿಟ್ಟರಷ್ಟೆ. ನನ್ನ ಮಿತ್ರರಿಗೆ ಇದು ಅತಿರೇಕವಾಗಿ ಕಂಡಿತು. ಅವರ ವಾದದಲ್ಲಿ ಮೂರು ಎಳೆಗಳಿದ್ದುವು. ವ್ಯಾಪಾರವೇ ಬೇರೆ, ನ್ಯಾಯವೇ ಬೇರೆ ಎಂಬುದು ಒಂದು. ಕಂಪನಿ ಕೊಟ್ಟದ್ದು ದಾನ, ದಾನ ನಿಲ್ಲಿಸಿದವನನ್ನು ದೂರುವ ಹಕ್ಕು ಪಡೆದವನಿಗಿಲ್ಲ ಎಂಬುದು ಎರಡು. ಅಷ್ಟು ದೊಡ್ಡ ಕಂಪನಿಯ ಒಳಹೊರಗನ್ನು ಕೈಚೀಲ ಹಿಡಿದು ಬಂದ ಸಾಮಾನ್ಯ ಗಿರಾಕಿ ಅಳೆಯಲಾರ ಎಂಬುದು ಮೂರು. ಅಷ್ಟರಲ್ಲಿ ಗಂಟೆ ಬಾರಿಸಿತು. ನನ್ನ ಉತ್ತರ ಬಾಯಲ್ಲೇ ಉಳಿಯಿತು. ಅದನ್ನು ಇಲ್ಲಿ ಬರೆಯುವುದಕ್ಕೆ ಕಾರಣವುಂಟು. ಈ ಅಭಿಪ್ರಾಯ ಅವರೊಬ್ಬರದಲ್ಲ. ನಮ್ಮ ಓದಿದ ವರ್ಗದಲ್ಲಿ ಇದು ಲೋಕಾನುಭವದ ಮಾತೆಂದೇ ಚಲಾವಣೆಯಲ್ಲಿದೆ. ಆ ಕಂಪನಿಯಾದರೂ ನಮಗೆ ಅಪರಿಚಿತವಲ್ಲ. ಬೆಂಗಳೂರಿನಲ್ಲಿ ಅದರ ಕಚೇರಿಯಿದೆ. ನಮ್ಮ ಮಕ್ಕಳು ಸಾವಿರಗಟ್ಟಲೆಯಲ್ಲಿ ಅಲ್ಲಿ ಸಂಬಳ ಎಣಿಸುತ್ತಾರೆ.

ಮೊದಲು ನಡೆದದ್ದನ್ನು ನೆನೆಯೋಣ. ೨೦೨೦ರ ಮೇ ೨೫ರಂದು ಮಿನಿಯಾಪೊಲಿಸ್ ನಗರದ ಬೀದಿಯಲ್ಲಿ ಪೊಲೀಸಿನವನೊಬ್ಬ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯನ ಕತ್ತಿನ ಮೇಲೆ ಒಂಬತ್ತು ನಿಮಿಷಕ್ಕೂ ಹೆಚ್ಚು ಕಾಲ ಮೊಣಕಾಲೂರಿ ಕೊಂದ. ಟಾರ್ಗೆಟ್ ಕಂಪನಿಯ ಮುಖ್ಯ ಕಚೇರಿ ಇರುವುದು ಅದೇ ನಗರದಲ್ಲಿ. ದೇಶಕ್ಕೆ ದೇಶವೇ ಬೀದಿಗಿಳಿಯಿತು. ಆಗ ಅಮೆರಿಕದ ದೊಡ್ಡ ಕಂಪನಿಗಳೆಲ್ಲ ಒಂದರ ಮೇಲೊಂದು ಬಿದ್ದು ಮಾತು ಕೊಟ್ಟುವು. ವಾಲ್‌ಮಾರ್ಟ್ ಜನಾಂಗ ಸಮಾನತೆಯ ಕೇಂದ್ರವೊಂದಕ್ಕೆ ಐದು ವರ್ಷದಲ್ಲಿ ೧೦ ಕೋಟಿ ಡಾಲರ್ ಕೊಡುತ್ತೇನೆಂದಿತು. ಜೆ. ಪಿ. ಮಾರ್ಗನ್ ಚೇಸ್ ಬ್ಯಾಂಕು ಐದು ವರ್ಷಕ್ಕೆ ೩,೦೦೦ ಕೋಟಿ ಡಾಲರ್ ಎಂದಿತು. ಟಾರ್ಗೆಟ್ ೨೦೨೧ರಲ್ಲಿ, ಕಪ್ಪು ಜನರ ಒಡೆತನದ ಉದ್ದಿಮೆಗಳೊಡನೆ ೨೦೨೫ರ ಕೊನೆಯೊಳಗೆ ೨೦೦ ಕೋಟಿ ಡಾಲರಿಗೂ ಮೀರಿ ವ್ಯವಹರಿಸುತ್ತೇನೆಂದು ಸಾರಿತು.

ಗಾಳಿ ತಿರುಗಿತು. ೨೦೨೪ರ ನವೆಂಬರಿನಲ್ಲಿ ವಾಲ್‌ಮಾರ್ಟ್ ತನ್ನ ಕೇಂದ್ರವನ್ನು ಅವಧಿಯಾಚೆಗೆ ಮುಂದುವರಿಸುವುದಿಲ್ಲವೆಂದಿತು. ೨೦೨೫ರ ಜನವರಿ ೨೦ರಂದು ಹೊಸ ಅಧ್ಯಕ್ಷರು ಅಧಿಕಾರ ವಹಿಸಿಕೊಂಡು ಇಂಥ ಯೋಜನೆಗಳ ವಿರುದ್ಧ ಆಜ್ಞೆ ಹೊರಡಿಸಿದರು. ನಾಲ್ಕೇ ದಿನದಲ್ಲಿ ಟಾರ್ಗೆಟ್ ನೇಮಕಾತಿ ಮತ್ತು ಪ್ರಾತಿನಿಧ್ಯದ ತನ್ನ ಗುರಿಗಳಿಗೆ ಮಂಗಳ ಹಾಡಿತು. ಮಿನಿಯಾಪೊಲಿಸಿನ ವಕೀಲೆ ನೆಕೀಮಾ ಲೆವಿ ಆರ್ಮ್‌ಸ್ಟ್ರಾಂಗ್ ಬಹಿಷ್ಕಾರಕ್ಕೆ ಕರೆಯಿತ್ತರು. ಜಾರ್ಜಿಯಾದ ಪಾದ್ರಿ ಜಮಾಲ್ ಬ್ರಯಂಟ್ ಮಾರ್ಚಿ ೫ರಂದು, ಕ್ರೈಸ್ತರ ತಪಸ್ಸಿನ ಕಾಲದ ಮೊದಲ ದಿನ, ಆ ಅಂಗಡಿಯಿಂದ ನಲವತ್ತು ದಿನದ ಉಪವಾಸ ಸಾರಿದರು. ವರ್ಷದ ಮೊದಲ ತ್ರೈಮಾಸಿಕದಲ್ಲಿ ಕಂಪನಿಯ ವ್ಯಾಪಾರ ಹಿಂದಿನ ವರ್ಷಕ್ಕಿಂತ ನೂರಕ್ಕೆ ೨.೮ರಷ್ಟು ಇಳಿಯಿತು. ಇಳಿತಕ್ಕೆ ಬಹಿಷ್ಕಾರವೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ಆಮದು ಸುಂಕದ ಭಯವಿತ್ತು, ಜನರ ಕೈ ಬಿಗಿಯಾಗಿತ್ತು. ಆದರೆ ಜನವರಿಯ ತೀರ್ಮಾನಕ್ಕೆ ಬಂದ ಪ್ರತಿಕ್ರಿಯೆಯೂ ಕಾರಣಗಳಲ್ಲೊಂದೆಂದು ಕಂಪನಿಯ ಮುಖ್ಯಸ್ಥರೇ ಒಪ್ಪಿಕೊಂಡರು.

ಈಗ ಮಿತ್ರರ ಮೊದಲ ಎಳೆಗೆ ಬರೋಣ. ವ್ಯಾಪಾರಕ್ಕೂ ನ್ಯಾಯಕ್ಕೂ ಗಂಟು ಹಾಕಬಾರದಂತೆ. ಒಳ್ಳೆಯದು; ಗಂಟು ಹಾಕಿದವರು ಯಾರು? ೨೦೨೦ರಲ್ಲಿ ಕಂಪನಿಗಳ ಬಾಗಿಲಿಗೆ ಹೋಗಿ ನಿಮ್ಮ ಹೃದಯವನ್ನು ತೆರೆದು ತೋರಿಸಿರೆಂದು ಗಿರಾಕಿಗಳು ಕಾಡಿದರೆ? ಕಂಪನಿಗಳೇ ಹೇಳಿಕೆ ಅಚ್ಚು ಹಾಕಿಸಿದುವು, ಜಾಹೀರಾತು ಮಾಡಿಸಿದುವು, ಕಪ್ಪು ಜನರು ತಯಾರಿಸಿದ ಸರಕಿಗೆ ಬೇರೆ ಗುರುತು ಅಂಟಿಸಿ ಕಪಾಟಿನಲ್ಲಿಟ್ಟುವು. ನ್ಯಾಯವನ್ನು ಸರಕಿನೊಡನೆ ಕಟ್ಟಿ ಮಾರಿದವನು ಅಂಗಡಿಯವನು. ಬೆಳ್ಳಿಯೆಂದು ಹೇಳಿ ಬಟ್ಟಲು ಮಾರಿದವನ ಅಂಗಡಿಗೆ ಬಂದು ಗಿರಾಕಿ ಒರೆಗಲ್ಲು ಕೇಳಿದರೆ, ಬಟ್ಟಲು ನೀರು ಹಿಡಿಯುತ್ತದಷ್ಟೆ, ಲೋಹದ ಮಾತೇಕೆ ಎನ್ನುವುದು ಯಾವ ಊರಿನ ವ್ಯಾಪಾರ ಧರ್ಮ?

ಅಮೆರಿಕದ ಕಪ್ಪು ಜನರಿಗೆ ಅಂಗಡಿ ಎಂದೂ ಬರಿಯ ಅಂಗಡಿಯಾಗಿರಲಿಲ್ಲ ಎಂಬುದನ್ನೂ ನಾವು ಮರೆಯುತ್ತೇವೆ. ದಕ್ಷಿಣದ ಊರುಗಳಲ್ಲಿ ಅವರ ಹಣಕ್ಕೆ ಗಲ್ಲಾಪೆಟ್ಟಿಗೆಯ ಬಾಯಿ ತೆರೆದಿತ್ತು. ಅದೇ ಅಂಗಡಿಯ ಊಟದ ಕಟ್ಟೆಯಲ್ಲಿ ಅವರು ಕೂರುವಂತಿರಲಿಲ್ಲ. ೧೯೬೦ರ ಫೆಬ್ರವರಿ ೧ರಂದು ಗ್ರೀನ್ಸ್‌ಬರೊ ಊರಿನ ವುಲ್‌ವರ್ತ್ ಅಂಗಡಿಯಲ್ಲಿ ನಾಲ್ವರು ವಿದ್ಯಾರ್ಥಿಗಳು ಕುಳಿತದ್ದು ಅದಕ್ಕಾಗಿ. ಉತ್ತರದ ನಗರಗಳಲ್ಲಿ ಕಪ್ಪು ಜನರ ಕೇರಿಯಲ್ಲೇ ನಿಂತು, ಅವರ ಹಣದಿಂದಲೇ ಬೆಳೆದ ಅಂಗಡಿಗಳು ಒಬ್ಬ ಕಪ್ಪು ಹುಡುಗಿಯನ್ನೂ ಗುಮಾಸ್ತೆಯಾಗಿ ಇಟ್ಟುಕೊಳ್ಳುತ್ತಿರಲಿಲ್ಲ. ಡೆಟ್ರಾಯಿಟಿನಲ್ಲಿ ೧೯೩೦ರಲ್ಲಿ ಫ್ಯಾನಿ ಪೆಕ್ ಎಂಬಾಕೆ ಗೃಹಿಣಿಯರ ಸಂಘವೊಂದನ್ನು ಕಟ್ಟಿದರು. ಸಂಘದ ಹೆಂಗಸರು ಬೆಲೆಯೊಡನೆ ಇನ್ನೂ ಒಂದು ಪ್ರಶ್ನೆ ಕೇಳುತ್ತಿದ್ದರು: ನಮ್ಮ ಮಕ್ಕಳಿಗೆ ನಿಮ್ಮಲ್ಲಿ ಕೆಲಸವುಂಟೇ? ಕೆಲಸ ಕೊಡದಲ್ಲಿ ಕೊಳ್ಳಬೇಡಿರೆಂಬ ಕೂಗು ಷಿಕಾಗೊ, ಹಾರ್ಲೆಮ್, ವಾಷಿಂಗ್ಟನ್‌ಗಳಲ್ಲಿ ಎದ್ದಿತು. ಅಂಗಡಿಯ ಮುಂದೆ ಹಾಗೆ ನಿಂತು ಕೇಳುವುದನ್ನು ತಡೆಯಾಜ್ಞೆಯಿಂದ ನಿಲ್ಲಿಸುವಂತಿಲ್ಲವೆಂದು ೧೯೩೮ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವೇ ತೀರ್ಪಿತ್ತಿತು. ಮಾಂಟ್‌ಗಮರಿಯ ಕಪ್ಪು ಜನರು ೧೯೫೫ರ ಡಿಸೆಂಬರ್ ೫ರಿಂದ ೩೮೧ ದಿನ ಬಸ್ಸು ಹತ್ತದೆ ನಡೆದದ್ದನ್ನು ನಮ್ಮ ಪಠ್ಯಪುಸ್ತಕಗಳೇ ಹೇಳುತ್ತವೆ. ಪಾಠ ಹೇಳುವಾಗ ಅದನ್ನು ಸತ್ಯಾಗ್ರಹವೆಂದು ಹೊಗಳಿ, ಅದೇ ಜನ ಇಂದು ಅಂಗಡಿಗೆ ಹೋಗದಿದ್ದರೆ ಹಟವೆಂದು ಹಳಿಯುವುದು ಯಾವ ವಿವೇಕ?

ಎರಡನೆಯ ಎಳೆ ದಾನದ ಮಾತು. ಇಲ್ಲಿ ಅಂಕಿಗಳನ್ನು ನೋಡಬೇಕು. ಅಮೆರಿಕದ ಐವತ್ತು ದೊಡ್ಡ ಕಂಪನಿಗಳು ಫ್ಲಾಯ್ಡ್ ಸತ್ತ ಬಳಿಕ ಕೊಟ್ಟ ಮಾತುಗಳನ್ನೆಲ್ಲ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ೨೦೨೧ರ ಆಗಸ್ಟಿನಲ್ಲಿ ಕೂಡಿಸಿ ನೋಡಿತು. ಒಟ್ಟು ಮೊತ್ತ ೪,೯೫೦ ಕೋಟಿ ಡಾಲರ್. ಕೇಳಿದರೆ ಕಿವಿ ತುಂಬುತ್ತದೆ. ಅದರಲ್ಲಿ ೪,೫೨೦ ಕೋಟಿ ಸಾಲ ಮತ್ತು ಬಂಡವಾಳ. ಅಂದರೆ ಕೊಟ್ಟವರಿಗೇ ಲಾಭ ತರಬಹುದಾದ ಹಣ. ಅದರ ಅರ್ಧಕ್ಕೂ ಮಿಕ್ಕಿದ್ದು ಮನೆಸಾಲ. ಹಿಂದಕ್ಕೆ ಬಾರದಂತೆ ಕೊಡುವ ಹಣ ೪೨೦ ಕೋಟಿಯಷ್ಟು. ಪೊಲೀಸು ಮತ್ತು ದಂಡನೀತಿಯ ಸುಧಾರಣೆಗೆ ದುಡಿಯುವ ಸಂಸ್ಥೆಗಳಿಗೆ ಮುಟ್ಟಿದ್ದು ಸುಮಾರು ೭ ಕೋಟಿ. ಎಂಥ ಸಾವಿನ ಹೆಸರಿನಲ್ಲಿ ಇಷ್ಟೆಲ್ಲ ಮಾತು ಹೊರಟಿತೋ ಅಂಥ ಸಾವನ್ನು ತಡೆಯುವ ಕೆಲಸಕ್ಕೆ ಸಾವಿರಕ್ಕೆ ಎರಡರಷ್ಟೂ ಹೋಗಲಿಲ್ಲ.

ಸಾಲ ಕೆಟ್ಟದ್ದೆಂದು ನಾನು ಹೇಳಿದೆನೆಂದು ಯಾರೂ ತಿಳಿಯಬಾರದು. ೧೯೩೦ರ ದಶಕದಲ್ಲಿ ಸರಕಾರದ ಸಂಸ್ಥೆಯೊಂದು ನಗರಗಳ ನಕಾಶೆ ಮಾಡಿಸಿ, ಕಪ್ಪು ಜನರಿದ್ದ ಕೇರಿಗಳಿಗೆ ಕೆಂಪು ಬಣ್ಣ ಬಳಿಸಿ, ಅಪಾಯದ ಸ್ಥಳವೆಂದು ಗುರುತು ಹಾಕಿಸಿದ ದೇಶ ಅದು. ಅಲ್ಲಿ ಅವರಿಗೆ ಸರಿಯಾದ ಬಡ್ಡಿಯಲ್ಲಿ ಸಾಲ ಸಿಗುವುದು ನ್ಯಾಯವೇ. ಆದರೆ ಸಾಲವನ್ನು ಸಾಲದ ಪುಟದಲ್ಲಿ ಬರೆಯಬೇಕು. ದಾನದ ಪುಟದಲ್ಲಿ ಬರೆದು ಕೈ ಮುಗಿಸಿಕೊಳ್ಳಬಾರದು. ಜೆ. ಪಿ. ಮಾರ್ಗನ್ ಚೇಸ್ ಹೇಳಿದ ೩,೦೦೦ ಕೋಟಿಯಲ್ಲಿ ಬಹುಪಾಲು ಮನೆಸಾಲ, ಬಾಡಿಗೆ ಮನೆಗಳ ಬಂಡವಾಳ, ಸಣ್ಣ ಉದ್ದಿಮೆಗಳ ಸಾಲ. ಇದೇ ಬ್ಯಾಂಕು ೨೦೦೫ರಲ್ಲಿ ತನ್ನ ಹಳೆಯ ಕಡತಗಳನ್ನು ಹುಡುಕಿಸಿ ಒಂದು ಸಂಗತಿಯನ್ನು ಒಪ್ಪಿಕೊಂಡಿತು: ತನ್ನ ಪೂರ್ವಜರಾದ ಲೂಯಿಸಿಯಾನಾದ ಎರಡು ಬ್ಯಾಂಕುಗಳು ಸುಮಾರು ೧೩,೦೦೦ ಗುಲಾಮರನ್ನು ಸಾಲಕ್ಕೆ ಅಡವಾಗಿ ಹಿಡಿದಿದ್ದುವು, ಸಾಲ ತೀರದಾಗ ಸುಮಾರು ೧,೨೫೦ ಮಂದಿಯನ್ನು ಸ್ವಂತ ಸೊತ್ತಾಗಿ ಮಾಡಿಕೊಂಡಿದ್ದುವು. ಮನುಷ್ಯರನ್ನೇ ಅಡವಿಟ್ಟುಕೊಂಡ ಮನೆತನದ ಹಣ ಆ ಮನುಷ್ಯರ ಮರಿಮಕ್ಕಳಿಗೆ ಬಡ್ಡಿಗೆ ದೊರೆತಾಗ ಕೃತಜ್ಞತೆ ಕೇಳಬೇಕಾದವರು ಯಾರು, ಸಲ್ಲಿಸಬೇಕಾದವರು ಯಾರು ಎಂಬುದನ್ನು ವಾಚಕರೇ ನಿರ್ಣಯಿಸಲಿ.

ಇನ್ನು ಮೂರನೆಯ ಎಳೆ. ಸಾಮಾನ್ಯ ಗಿರಾಕಿ ಅಳೆಯಲಾರನಂತೆ. ನಾನು ಲೆಕ್ಕಶಾಸ್ತ್ರ ಓದಿದವನಲ್ಲ. ಕನ್ನಡ ಪಾಠ ಹೇಳುವ ನನಗೆ ವಾಕ್ಯ ಬಿಡಿಸುವುದಷ್ಟೇ ಗೊತ್ತು. ಆದರೆ ಮಾತು ಕೊಡುವುದೆಂದರೆ ಒಂದು ವಾಕ್ಯವನ್ನು ಹೇಳುವುದೇ ಅಲ್ಲವೆ? ಅದನ್ನು ಬಿಡಿಸಿ ನೋಡಿದರೆ ಅರ್ಧ ಸತ್ಯ ಅಲ್ಲೇ ಹೊರಬೀಳುತ್ತದೆ.

ಮೊದಲು ಕ್ರಿಯಾಪದ. ಬದ್ಧರಾಗಿದ್ದೇವೆ, ಶ್ರಮಿಸುತ್ತೇವೆ, ನಿಮ್ಮೊಡನೆ ನಿಲ್ಲುತ್ತೇವೆ: ಇವುಗಳಲ್ಲಿ ಯಾವುದನ್ನೂ ಮಾಡದೆಯೇ ಮಾಡಿದೆನೆನ್ನಬಹುದು. ಕೊಳ್ಳುತ್ತೇವೆ, ನೇಮಿಸುತ್ತೇವೆ, ಠೇವಣಿಯಿಡುತ್ತೇವೆ: ಇವು ಹಾಗಲ್ಲ, ಮಾಡಿದರೆ ಕಾಣುತ್ತದೆ, ಮಾಡದಿದ್ದರೂ ಕಾಣುತ್ತದೆ. ಪ್ಯಾನ್‌ಕೇಕ್ ಹಿಟ್ಟಿನ ಡಬ್ಬದ ಮೇಲೆ ೧೮೮೯ರಿಂದ ಇದ್ದ 'ಆಂಟ್ ಜಿಮೈಮಾ' ಎಂಬ ದಾಸಿಯ ಹೆಸರನ್ನು ತೆಗೆಯುತ್ತೇವೆಂದು ೨೦೨೦ರಲ್ಲಿ ಅದರ ಕಂಪನಿ ಹೇಳಿತು, ೨೦೨೧ರಲ್ಲಿ ತೆಗೆಯಿತು. ಮಾತು ನಡೆಸಿದಂತಾಯಿತು, ಸಂತೋಷ. ಆದರೆ ಡಬ್ಬದ ಹೆಸರು ಬದಲಾದ ಮಾತ್ರಕ್ಕೆ ಯಾರ ಮನೆಯ ಒಲೆಯೂ ಹತ್ತುವುದಿಲ್ಲ.

ಎರಡನೆಯದು ಸಂಖ್ಯೆ. ಅದನ್ನು ಒಂಟಿಯಾಗಿ ನೋಡಬಾರದು. ಯಾವುದರಲ್ಲಿ ಎಷ್ಟು ಎಂದು ಕೇಳಬೇಕು. ೨೦೦ ಕೋಟಿ ಡಾಲರನ್ನು ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ೪೦ ಕೋಟಿ. ಟಾರ್ಗೆಟಿನ ವಾರ್ಷಿಕ ವಹಿವಾಟು ೧೦,೦೦೦ ಕೋಟಿ ಡಾಲರಿಗೂ ಮಿಕ್ಕದ್ದು. ನೂರು ಡಾಲರಿನ ವ್ಯಾಪಾರಕ್ಕೆ ನಲವತ್ತು ಸೆಂಟು ಕೂಡ ಬೀಳುವುದಿಲ್ಲ. ಆ ದೇಶದ ಜನಸಂಖ್ಯೆಯಲ್ಲಿ ಕಪ್ಪು ಜನರು ನೂರಕ್ಕೆ ಹದಿಮೂರಕ್ಕೂ ಹೆಚ್ಚು. ೨೦೨೦ರಲ್ಲಿ ಅರೋರಾ ಜೇಮ್ಸ್ ಎಂಬ ಉದ್ಯಮಿ, ಅಂಗಡಿಯ ಕಪಾಟಿನಲ್ಲಿ ನೂರಕ್ಕೆ ಹದಿನೈದು ಭಾಗ ಕಪ್ಪು ಜನರ ಸರಕಿಗೆ ಮೀಸಲಿಡಿರೆಂದು ಕೇಳಿದರು. ಅದು ಒಳ್ಳೆಯ ಅಳತೆ. ಕೋಟಿಗಳ ಗದ್ದಲದಲ್ಲಿ ಕಳೆದುಹೋಗುವುದಿಲ್ಲ. ಕಣ್ಣಿದ್ದವರು ಕಪಾಟನ್ನು ನೋಡಿದರೆ ಸಾಕು.

ಮೂರನೆಯದು ಚತುರ್ಥೀ ವಿಭಕ್ತಿ: ಯಾರಿಗೆ? ನೂರು ಮಂದಿ ಅಥವಾ ಮೇಲ್ಪಟ್ಟು ನೌಕರರಿರುವ ಕಂಪನಿಗಳು ತಮ್ಮಲ್ಲಿ ಯಾವ ಜನಾಂಗದವರು ಯಾವ ದರ್ಜೆಯಲ್ಲಿ ಎಷ್ಟು ಮಂದಿಯಿದ್ದಾರೆಂಬ ಪಟ್ಟಿಯನ್ನು ೧೯೬೬ರಿಂದ ಅಮೆರಿಕ ಸರಕಾರಕ್ಕೆ ಸಲ್ಲಿಸುತ್ತ ಬಂದಿವೆ. ಲೆಕ್ಕ ಸಿದ್ಧವಿದೆ, ಅದನ್ನು ಜನರ ಮುಂದಿಡುವುದು ಬಿಡುವುದು ಮಾತ್ರ ಕಂಪನಿಯ ಇಷ್ಟ. ಇಟ್ಟ ಕಂಪನಿಯ ಪಟ್ಟಿಯಲ್ಲಿ ಒಟ್ಟು ಮೊತ್ತವನ್ನು ನೋಡಿ ಮೋಸ ಹೋಗಬಾರದು. ಸರಕು ಹೊರುವವರಲ್ಲಿ ಎಷ್ಟು, ಸಹಿ ಹಾಕುವವರಲ್ಲಿ ಎಷ್ಟು ಎಂದು ಸಾಲು ಸಾಲಾಗಿ ನೋಡಬೇಕು. ಇಡದ ಕಂಪನಿಯ ಮೌನವೂ ಒಂದು ಉತ್ತರವೇ.

ನಾಲ್ಕನೆಯದು ಕಾಲ ಮತ್ತು ಸಾಕ್ಷಿ. ಎಂದಿನೊಳಗೆ? ನಡೆಸಿದಿರೆಂದು ಹೇಳುವವರು ಯಾರು? ೨೦೦ ಕೋಟಿಯ ಮಾತನ್ನು ಪೂರೈಸುವೆನೆಂದು ಟಾರ್ಗೆಟ್ ೨೦೨೫ರಲ್ಲೂ ಹೇಳಿಕೊಂಡಿತು. ಇರಬಹುದು. ಆದರೆ ಮಾತು ಕೊಟ್ಟವನೇ ಲೆಕ್ಕ ಬರೆದು, ಅವನೇ ತಾಳೆ ನೋಡಿ, ಅವನೇ ಸರಿಯಿದೆಯೆಂದು ರುಜು ಹಾಕಿದರೆ ಆ ಪುಸ್ತಕವನ್ನು ನನ್ನ ಮಿತ್ರರು ತಮ್ಮ ತರಗತಿಯಲ್ಲಿ ಒಪ್ಪುತ್ತಾರೆಯೆ?

ಐದನೆಯದು, ನಷ್ಟದ ಭಯ ಬಂದಾಗ ಏನಾಯಿತು ಎಂಬುದು. ಕಾನೂನು ಕೈಕಟ್ಟಿತೆಂದು ಕಂಪನಿಗಳ ಪರವಾಗಿ ಹೇಳುವವರುಂಟು. ವಿಶ್ವವಿದ್ಯಾಲಯಗಳ ಪ್ರವೇಶದಲ್ಲಿ ಜನಾಂಗವನ್ನು ಎಣಿಸಬಾರದೆಂದು ೨೦೨೩ರ ಜೂನಿನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು ನಿಜ, ಮೊಕದ್ದಮೆಗಳು ಬಂದದ್ದೂ ನಿಜ. ಅದರಿಂದ ಕೆಲವು ಯೋಜನೆಗಳನ್ನು ತಿದ್ದಬೇಕಾಯಿತೆಂದರೆ ಒಪ್ಪುತ್ತೇನೆ. ಆದರೆ ಅದೇ ಗಾಳಿಯಲ್ಲಿ ಕಾಸ್ಟ್‌ಕೊ ಎಂಬ ಮಳಿಗೆ ಸಂಸ್ಥೆಯೂ ನಿಂತಿತ್ತು. ಇಂಥ ಯೋಜನೆಗಳ ಅಪಾಯವನ್ನು ಪರಿಶೀಲಿಸಬೇಕೆಂಬ ನೆಪದಲ್ಲಿ ಅವನ್ನು ಕೆಡವಲು ತಂದ ಸೂಚನೆಯನ್ನು ಅದರ ನಿರ್ದೇಶಕರು ವಿರೋಧಿಸಿದರು. ೨೦೨೫ರ ಜನವರಿ ೨೩ರಂದು ಷೇರುದಾರರು ನೂರಕ್ಕೆ ೯೮ಕ್ಕೂ ಹೆಚ್ಚು ಮತಗಳಿಂದ ಅದನ್ನು ತಳ್ಳಿಹಾಕಿದರು. ಮರುದಿನವೇ ಟಾರ್ಗೆಟಿನ ಪ್ರಕಟಣೆ ಬಂತು. ಎರಡು ಅಂಗಡಿ, ಒಂದೇ ದೇಶ, ಒಂದೇ ಕಾನೂನು. ಗಿರಾಕಿಗೆ ಇದಕ್ಕಿಂತ ಸ್ಪಷ್ಟವಾದ ತಕ್ಕಡಿ ಯಾವುದು ಬೇಕು?

ಈ ಐದು ಪ್ರಶ್ನೆಗಳನ್ನು ನಾನು ಕಂಡುಹಿಡಿದೆನೆಂದು ಹೇಳಿಕೊಳ್ಳುವುದಿಲ್ಲ. ಕಪ್ಪು ಜನರು ಇವನ್ನು ಕೇಳುತ್ತ ಬಂದು ಬಹುಕಾಲವಾಯಿತು. ಫಿಲಡೆಲ್ಫಿಯದಲ್ಲಿ ೧೯೬೦ರಲ್ಲಿ ಲಿಯಾನ್ ಸಲಿವನ್ ಎಂಬ ಪಾದ್ರಿ ನಾನೂರು ಮಂದಿ ಪಾದ್ರಿಗಳನ್ನು ಕೂಡಿಸಿಕೊಂಡು ಒಂದೊಂದೇ ಕಂಪನಿಯ ಬಾಗಿಲಿಗೆ ಹೋದರು. ೧೯೬೨ರಲ್ಲಿ ಅಟ್ಲಾಂಟದಲ್ಲಿ ಮಾರ್ಟಿನ್ ಲೂಥರ್ ಕಿಂಗರ ಸಂಘಟನೆ 'ಆಪರೇಷನ್ ಬ್ರೆಡ್‌ಬಾಸ್ಕೆಟ್' ಎಂಬ ಕಾರ್ಯವನ್ನು ಹೂಡಿತು; ಷಿಕಾಗೊದಲ್ಲಿ ಜೆಸ್ಸಿ ಜ್ಯಾಕ್ಸನ್ ಅದನ್ನು ನಡೆಸಿದರು. ಅವರ ಕ್ರಮ ಸರಳ. ಮೊದಲು ದರ್ಜೆವಾರು ನೌಕರರ ಲೆಕ್ಕ ಕೇಳುವುದು. ಅದನ್ನು ನೋಡಿ ಇಷ್ಟು ಕೆಲಸ, ಕಪಾಟಿನಲ್ಲಿ ಇಷ್ಟು ಜಾಗ, ಕಪ್ಪು ಜನರ ಬ್ಯಾಂಕಿನಲ್ಲಿ ಇಷ್ಟು ಠೇವಣಿ ಎಂದು ಬರೆದು ಕೊಡುವುದು. ಕಂಪನಿ ಕೊಸರಾಡಿದರೆ ಭಾನುವಾರ ಇಗರ್ಜಿಯ ವೇದಿಕೆಯಿಂದ ಅದರ ಸರಕನ್ನು ಕೊಳ್ಳಬೇಡಿರೆಂದು ಹೇಳುವುದು. ಕೊಲೆಯಾಗುವುದಕ್ಕೆ ಹಿಂದಿನ ದಿನ, ೧೯೬೮ರ ಏಪ್ರಿಲ್ ೩ರಂದು, ಮೆಂಫಿಸ್ ನಗರದಲ್ಲಿ ಕಿಂಗರು ಮಾಡಿದ ಕಟ್ಟಕಡೆಯ ಭಾಷಣದಲ್ಲೂ ಕೋಕಕೋಲ, ಸೀಲ್‌ಟೆಸ್ಟ್ ಹಾಲು, ವಂಡರ್ ಬ್ರೆಡ್ಡು ಎಂದು ಹೆಸರು ಹಿಡಿದು ಹೇಳಿದ ಬಹಿಷ್ಕಾರದ ಮಾತಿದೆ. ೨೦೨೫ರಲ್ಲಿ ಬ್ರಯಂಟರು ಕಪ್ಪು ಜನರ ಬ್ಯಾಂಕುಗಳಲ್ಲಿ ೨೫ ಕೋಟಿ ಡಾಲರ್ ಇಡಿರೆಂದು ಟಾರ್ಗೆಟನ್ನು ಕೇಳಿದಾಗ ಹೊಸದೇನನ್ನೂ ಕೇಳಲಿಲ್ಲ. ಅಜ್ಜನ ಕಾಲದ ಬಾಕಿಯನ್ನು ಮೊಮ್ಮಗ ನೆನಪಿಸಿದ, ಅಷ್ಟೆ.

ನನ್ನ ವಾದಕ್ಕೆ ವಿರುದ್ಧವಾದ ಒಂದು ಸಂಗತಿಯನ್ನು ಮುಚ್ಚಿಡುವುದು ಅಪ್ರಾಮಾಣಿಕತನವಾದೀತು. ಟಾರ್ಗೆಟಿನ ಕಪಾಟಿನಲ್ಲಿ ಕಪ್ಪು ಜನರು ತಯಾರಿಸಿದ ಸರಕೇ ಇದ್ದುವಷ್ಟೆ. ಗಿರಾಕಿ ಬಾರದಿದ್ದರೆ ಮೊದಲು ಏಟು ಬೀಳುವುದು ಆ ಸಣ್ಣ ಉದ್ಯಮಿಗೆ. ಕಂಪನಿಗೆ ಅದು ಸಾವಿರ ಸರಕಿನಲ್ಲೊಂದು, ಅವನಿಗೆ ಅದೇ ಸರ್ವಸ್ವ. ಅಲ್ಲಿ ತಮ್ಮ ಸರಕು ಮಾರುತ್ತಿದ್ದ ನಟಿ ಟ್ಯಾಬಿಥಾ ಬ್ರೌನ್ ಈ ಸಂಕಟವನ್ನು ೨೦೨೫ರ ಜನವರಿಯಲ್ಲೇ ಬಹಿರಂಗವಾಗಿ ಹೇಳಿಕೊಂಡರು. ಅದು ಸುಳ್ಳು ಸಂಕಟವಲ್ಲ. ಆ ಉದ್ಯಮಿಯಿಂದ ನೇರವಾಗಿ ಕೊಳ್ಳಿರಿ ಎಂಬ ಉತ್ತರ ಕೆಲವರಿಗೆ ಸಲ್ಲುತ್ತದೆ, ಎಲ್ಲರಿಗೂ ಸಲ್ಲುವುದಿಲ್ಲ. ಆದ್ದರಿಂದಲೇ ಅಳತೆ ಬೇಕೆಂದು ನಾನು ಹೇಳುವುದು. ಕೋಪ ಬಂದಾಗ ಎಲ್ಲ ಅಂಗಡಿಗೂ ಬೆನ್ನು ತಿರುಗಿಸುವವನು ತನ್ನವರನ್ನೂ ನೋಯಿಸುತ್ತಾನೆ. ತೂಗಿ ನೋಡಿ, ಇಂಥ ಅಂಗಡಿ, ಇಂಥ ಕಾರಣ, ಇಂಥದು ನಡೆದರೆ ಮರಳಿ ಬರುತ್ತೇವೆ ಎಂದು ಹೇಳಿ ನಿಲ್ಲುವವನಿಂದ ಆಗುವ ನೋವು ಕಡಿಮೆ, ಫಲ ಹೆಚ್ಚು.

ಅಳತೆಗೂ ಒಂದು ಅಪಾಯವುಂಟು. ಅದೇ ಸಲಿವನ್ ೧೯೭೧ರಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ನಿರ್ದೇಶಕರಾದರು. ೧೯೭೭ರಲ್ಲಿ ದಕ್ಷಿಣ ಆಫ್ರಿಕದಲ್ಲಿ ವ್ಯಾಪಾರ ಮಾಡುವ ಅಮೆರಿಕದ ಕಂಪನಿಗಳಿಗೆ ಕೆಲವು ನಿಯಮಗಳನ್ನು ಬರೆದುಕೊಟ್ಟರು. ಅನೇಕ ಕಂಪನಿಗಳು ಸಹಿ ಹಾಕಿದುವು, ವರದಿ ಒಪ್ಪಿಸಿದುವು, ಅಂಕ ಗಳಿಸಿದುವು. ವರ್ಣಭೇದದ ಸರಕಾರ ಮಾತ್ರ ಕದಲಲಿಲ್ಲ. ೧೯೮೭ರಲ್ಲಿ ಸಲಿವನ್ ತಮ್ಮ ನಿಯಮಗಳು ಸಾಲವೆಂದು ತಾವೇ ಹೇಳಿ, ಕಂಪನಿಗಳು ಆ ದೇಶವನ್ನು ಬಿಟ್ಟು ಹೊರಡಬೇಕೆಂದರು. ತಾನು ಮಾಡಿದ ತಕ್ಕಡಿ ಆಭರಣವಾಯಿತೆಂದು ಕಂಡೊಡನೆ ಅದನ್ನು ಕೆಳಗಿಡುವ ಧೈರ್ಯ ಎಷ್ಟು ಮಂದಿಗೆ ಇದ್ದೀತು? ಅಂಕಪಟ್ಟಿ ನೋಡಿ ತೃಪ್ತನಾಗುವ ಗಿರಾಕಿ ಈ ಕಥೆಯನ್ನು ನೆನಪಿನಲ್ಲಿಡಬೇಕು.

ಕೊನೆಗೆ ನಮ್ಮವರ ವಿಷಯ. ದೂರದ ದೇಶದ ಜಗಳ, ನಮಗೇಕೆ ಎಂದು ನನ್ನ ಮಿತ್ರರು ಕೇಳಬಹುದು. ಅವರ ತಮ್ಮ ನ್ಯೂಜೆರ್ಸಿಯಲ್ಲಿದ್ದಾರೆ. ನನ್ನ ಹಳೆಯ ವಿದ್ಯಾರ್ಥಿಗಳು ಕೆಲವರು ಕ್ಯಾಲಿಫೋರ್ನಿಯದಲ್ಲಿದ್ದಾರೆ. ೧೯೬೫ರವರೆಗೆ ಅಮೆರಿಕಕ್ಕೆ ನೆಲೆಸಲು ಹೋಗಬಯಸುವ ಭಾರತೀಯರಿಗೆ ವರ್ಷಕ್ಕೆ ಬೆರಳೆಣಿಕೆಯ ಜಾಗವಿತ್ತು. ಕಪ್ಪು ಜನರು ಬಸ್ಸು ಬಿಟ್ಟು, ಅಂಗಡಿ ಬಿಟ್ಟು, ಸೆರೆಮನೆ ಸೇರಿ ೧೯೬೪ರಲ್ಲಿ ನಾಗರಿಕ ಹಕ್ಕುಗಳ ಕಾಯಿದೆಯನ್ನು ಪಡೆದರು. ಅದೇ ಅಲೆಯಲ್ಲಿ ಮರುವರ್ಷ ವಲಸೆಯ ಕಾಯಿದೆ ತಿದ್ದಿತು, ಬಾಗಿಲು ತೆರೆಯಿತು. ನಮ್ಮ ಎಂಜಿನಿಯರುಗಳು, ಡಾಕ್ಟರುಗಳು ಆ ಬಾಗಿಲಿನಿಂದಲೇ ಒಳಗೆ ಹೋದರು. ಬಾಗಿಲು ತೆರೆದವರು ಇಂದು ಅಂಗಡಿಯ ಮುಂದೆ ನಿಂತು ಲೆಕ್ಕ ಕೇಳಿದರೆ, ಒಳಗೆ ಬುಟ್ಟಿ ತುಂಬಿಕೊಳ್ಳುತ್ತ, ಇವರಿಗೆ ಬೇರೆ ಕೆಲಸವಿಲ್ಲವೆ ಎನ್ನುವುದು ನಮಗೆ ಶೋಭಿಸುವ ಮಾತಲ್ಲ.

ಎಲ್ಲರೂ ಬಹಿಷ್ಕಾರ ಮಾಡಿರೆಂದು ಹೇಳುವ ಅಧಿಕಾರ ನನಗಿಲ್ಲ. ಅಷ್ಟು ದೂರದ ಅಂಗಡಿಯಲ್ಲಿ ನಾನು ಒಂದು ಸೂಜಿಯನ್ನೂ ಕೊಂಡವನಲ್ಲ. ನಾನು ಕೇಳುವುದಿಷ್ಟೆ: ಮಾತು ಕೊಟ್ಟವನ ಬಳಿ ಲೆಕ್ಕ ಕೇಳುವವನನ್ನು ಕೃತಘ್ನನೆಂದು ಕರೆಯುವ ಅಭ್ಯಾಸವನ್ನು ನಾವು ಬಿಡಬೇಕು. ನನ್ನ ಮಿತ್ರರು ವರ್ಷವೂ ಮೊದಲ ಪಾಠದಲ್ಲಿ ವಿದ್ಯಾರ್ಥಿಗಳಿಗೆ ಜಮೆ ಮತ್ತು ಖರ್ಚು ತಾಳೆಯಾಗಬೇಕೆಂದು ಕಲಿಸುತ್ತಾರೆ. ಅಮೆರಿಕದ ಕಪ್ಪು ಗಿರಾಕಿ ಕೇಳುತ್ತಿರುವುದೂ ಅದನ್ನೇ.